ಬಿಪಿ ಮಾತ್ರೆ ನುಂಗುವವರಿಗೆ ಎದೆಯುರಿ ಬಂದರೆ

ಬಿಪಿಗೆ ಮಾತ್ರೆ ಶುರುವಾದ ಮೇಲೆ ಹುಳಿತೇಗು, ಎದೆಯುರಿ ಹೆಚ್ಚಾಗಿದ್ದರೆ ಮೊದಲು ಸ್ಟ್ರಿಪ್ ತಿರುಗಿಸಿ ಔಷಧದ ಹೆಸರು ಓದಿ. ಅಮ್ಲೋಡಿಪಿನ್, ನಿಫೆಡಿಪಿನ್ ರಕ್ತನಾಳದ ಸ್ನಾಯುಗಳನ್ನು ಸಡಿಲಿಸಿ ಒತ್ತಡ ಇಳಿಸುತ್ತವೆ. ಅನ್ನನಾಳದ ಬುಡದಲ್ಲಿ ಆಮ್ಲ ಮೇಲೇರದಂತೆ ತಡೆಯುವ ಸ್ನಾಯುವೂ ಕೆಲವರಲ್ಲಿ ಇದರಿಂದ ಸಡಿಲವಾಗುತ್ತದೆ. ಹಾಗೆಂದು ಮಾತ್ರೆ ಬಿಡಬೇಡಿ. ಉರಿ ಬಂದ ಹೊತ್ತು, ಅದಕ್ಕೆ ಮುಂಚೆ ತಿಂದದ್ದು, ಬಿಪಿ ಎಷ್ಟಿತ್ತು ಎಂಬುದನ್ನು ಒಂದು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಿ. ಬೇರೆ ಗುಂಪಿನ ಮಾತ್ರೆ ಹೊಂದುತ್ತದೆಯೇ ಎಂದು ಅವರು ನೋಡುತ್ತಾರೆ.

ಹೆಚ್ಚಿನವರು ಎಡವುವುದು ಉರಿ ಆರಿಸಲು ಹೊರಟಾಗ. ನೀರಿಗೆ ಹಾಕಿದೊಡನೆ ಬುಸುಗುಡುವ ಫ್ರೂಟ್ ಸಾಲ್ಟ್‌ನ 5 ಗ್ರಾಂ ಪೊಟ್ಟಣದಲ್ಲಿ ಸುಮಾರು 850 ಮಿಲಿಗ್ರಾಂ ಸೋಡಿಯಂ, ಅಂದರೆ ಉಪ್ಪಿನಲ್ಲಿದ್ದು ಬಿಪಿ ಏರಿಸುವ ಅಂಶ, ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿಯೇ 2,000 ಮಿಲಿಗ್ರಾಂ. ಅರ್ಧ ಟೀ ಚಮಚ ಅಡುಗೆ ಸೋಡಾದಲ್ಲೂ 600 ಮಿಲಿಗ್ರಾಂ ದಾಟುತ್ತದೆ. ದಿನಾ ಇವನ್ನು ಕುಡಿಯುತ್ತಾ ಉಪ್ಪಿನಕಾಯಿ ಬಿಟ್ಟರೆ ಏನು ಬಂತು? ಜ್ಯೇಷ್ಠಮಧುವಿನ ಕಷಾಯವನ್ನೂ ಬಿಡಿ. ಅದು ಸೋಡಿಯಂ ಉಳಿಸಿ, ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ಗಿಡಮೂಲಿಕೆ ಎಂಬ ಧೈರ್ಯ ಇಲ್ಲಿ ಸಲ್ಲದು.

ಆಮ್ಲ ತಣಿಸುವ ಆಂಟಾಸಿಡ್ ಬೇಕೇ ಬೇಕಾದರೆ ಲೇಬಲ್‌ನಲ್ಲಿ ಸೋಡಿಯಂ ಕಡಿಮೆ ಇರುವುದನ್ನು ನೋಡಿ ಕೊಳ್ಳಿ, ಬೇರೆ ಮಾತ್ರೆಗಳಿಗೂ ಅದಕ್ಕೂ 2 ಗಂಟೆ ಅಂತರವಿಡಿ. ಕಿಡ್ನಿ ತೊಂದರೆಯಿದ್ದರೆ ಕೇಳದೆ ಮುಟ್ಟಬೇಡಿ.

ವೈದ್ಯರು ಆಮ್ಲ ಸುರಿಯುವುದನ್ನೇ ತಗ್ಗಿಸುವ ಪ್ಯಾಂಟೊಪ್ರಜೋಲ್ ಬರೆದಿದ್ದರೆ ತಿಂಡಿಗೆ ಅರ್ಧ ಗಂಟೆ ಮುಂಚೆ, ಖಾಲಿ ಹೊಟ್ಟೆಗೆ. ಆಮ್ಲ ಸುರಿಸುವ ಕೋಶಗಳು ಊಟ ಬಿದ್ದೊಡನೆ ಚುರುಕಾಗುತ್ತವೆ, ಅಷ್ಟರಲ್ಲಿ ಔಷಧ ರಕ್ತ ಸೇರಿರಬೇಕು. ಇಡ್ಲಿ ತಿಂದು, ಕಾಫಿ ಕುಡಿದು, ಬಿಪಿ ಮಾತ್ರೆಯ ಜೊತೆ ನುಂಗಿದರೆ ಪೂರ್ತಿ ಗುಣ ಸಿಗದಿರಬಹುದು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯೊಂದಿಗೆ ಇದನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳುವವರಲ್ಲಿ ಮೆಗ್ನೀಷಿಯಂ ಕುಸಿಯಬಹುದು. ರಕ್ತ ಪರೀಕ್ಷೆ ಬೇಕೇ ಎಂದು ಕೇಳಿ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುತ್ತಿದ್ದರೆ ಅದನ್ನೂ ಹೇಳಿ. ಅವು ಹೊಟ್ಟೆಯನ್ನು ಕೆಡಿಸುತ್ತವೆ, ಬಿಪಿಯನ್ನೂ ಏರಿಸುತ್ತವೆ.

ರಾತ್ರಿ ಊಟ ಮಲಗುವುದಕ್ಕೆ 3 ಗಂಟೆ ಮುಂಚೆ ಮುಗಿಯಲಿ. ಮಂಚದ ತಲೆಕಡೆಯ ಎರಡು ಕಾಲುಗಳ ಕೆಳಗೆ 6ರಿಂದ 8 ಇಂಚಿನ ಮರದ ತುಂಡುಗಳನ್ನು ಅಲುಗಾಡದಂತೆ ಇಡಿ. ದಿಂಬು ಪೇರಿಸಿದರೆ ಸೊಂಟ ಮಡಚಿ ಹೊಟ್ಟೆ ಒತ್ತಿ ಉರಿ ಹೆಚ್ಚುತ್ತದೆ. ಎಡಮಗ್ಗುಲಿಗೆ ಮಲಗಿ.

ನುಂಗಲು ಕಷ್ಟ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿತ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಡಿದರೆ, ಬೆವರು, ಏದುಸಿರು ಬಂದರೆ ಗ್ಯಾಸ್ಟ್ರಿಕ್ ಎಂದು ಕಾಯದೆ 108ಕ್ಕೆ ಕರೆ ಮಾಡಿ.