ಚೀನೀ ಪ್ರೇಮಕಥೆಗೆ ಕನ್ನಡ ಸಬ್‌ಟೈಟಲ್: 25 ಕಂತು ಮುಗಿಸಿದ ಮೇಲೆ

2023ರ 'ಹಿಡನ್ ಲವ್' ಧಾರಾವಾಹಿಯ 25 ಕಂತಿಗೂ ಕನ್ನಡ ಸಬ್‌ಟೈಟಲ್ ಕೂತಿದೆ. ಇಂಗ್ಲಿಷ್ ಬಾರದ, ಎಪ್ಪತ್ತು ದಾಟಿದ ನಮ್ಮ ಮನೆಯ ಇಬ್ಬರು 'ಏನಂದ ಅವನು?' ಅಂತ ಕೇಳದೆ ನೋಡಿ ಮುಗಿಸಿದ್ದಾರೆ. 'ಎಐಗೆ ಕೊಟ್ರೆ ಹತ್ತು ನಿಮಿಷದ ಕೆಲಸ' ಅಂದವರಿಗೂ, 'ಕನ್ನಡ ಅಷ್ಟು ಬೇಗ ಓದೋಕಾಗಲ್ಲ ಬಿಡಿ' ಅಂದವರಿಗೂ ಉತ್ತರ ಇದೇ. ಎಸ್‌ಆರ್‌ಟಿ ಫೈಲು (ಸಬ್‌ಟೈಟಲಿನ ಸಾಲು, ಸಮಯ ಇರುವ ಫೈಲು), ಅದನ್ನು ತಿದ್ದುವ 'ಸಬ್‌ಟೈಟಲ್ ಎಡಿಟ್' ತಂತ್ರಾಂಶ ಬಳಸಿ ಗೊತ್ತಿರುವವರಿಗೆ ಬರೆಯುತ್ತಿದ್ದೇನೆ, ಅ ಆ ಇ ಈಯಿಂದ ಶುರು ಮಾಡಲ್ಲ.

ಮೊದಲು ನೀರಿಗೆ ಬಿದ್ದದ್ದು ಅನುವಾದಕ್ಕೆ ಕೊಟ್ಟ ಮುಂಗಡ, ಮೂರು ಸಾವಿರದ ಹತ್ತಿರ. ವಾಪಸ್ ಬಂದದ್ದು ಇಂಗ್ಲಿಷ್ ಸಬ್‌ಟೈಟಲನ್ನು ಯಂತ್ರಕ್ಕೆ ಹಾಕಿ ತೆಗೆದ ಹಿಟ್ಟು. ಚೀನೀಯಲ್ಲಿ 'ಜರ್‌ದಾವ್‌ ಲ' ಅಂದರೆ ಬರೀ 'ಗೊತ್ತಾಯ್ತು'. ಅದು ಇಂಗ್ಲಿಷಿಗೆ ಹೋಗಿ 'ಐ ಗಾಟ್ ಇಟ್' ಆಗಿ, ಕನ್ನಡಕ್ಕೆ 'ನಾನು ಅದನ್ನು ಪಡೆದುಕೊಂಡೆ' ಅಂತ ಬಂದಿತ್ತು. ಅಣ್ಣ ಹೋಗಿ 'ಬ್ರದರ್', ಬ್ರದರ್ ಹೋಗಿ 'ಸಹೋದರ'. ಅಣ್ಣ-ತಮ್ಮ, ಅಕ್ಕ-ತಂಗಿಗೆ ಬೇರೆ ಬೇರೆ ಪದ ಚೀನೀಯಲ್ಲೂ ಇವೆ, ನಮ್ಮಲ್ಲೂ ಇವೆ. 'ನಾನು, ನೀನು' ಬಿಟ್ಟು ಮಾತಾಡೋದು ಎರಡರಲ್ಲೂ ಸಲೀಸು. ನಡುವೆ ಇಂಗ್ಲಿಷಿನ ಸೇತುವೆ ಕಟ್ಟಿದ್ದೇ ತಪ್ಪು. ಅದಕ್ಕೇ ಪರದೆಯ ಮೇಲಿನ ಚೀನೀ ಅಕ್ಷರವನ್ನೇ ಹಿಡಿದೆ. ಎಚ್‌ಎಸ್‌ಕೆ (ಚೀನೀ ಭಾಷಾ ಪರೀಕ್ಷೆ) ಮೂರರ ಮಟ್ಟದ ಚೀನೀ, ಪಕ್ಕದಲ್ಲಿ ಪ್ಲೆಕೊ ನಿಘಂಟು ಇದ್ದರೆ ಸಾಕು. ಇಂಗ್ಲಿಷ್ ಫೈಲು ಅನುಮಾನ ಬಂದಾಗ ಮಾತ್ರ.

ನಿಜವಾದ ತಲೆನೋವು 'ಗಗ', ಅಂದರೆ ಚೀನೀಯಲ್ಲಿ ಅಣ್ಣ. ಕಥೆಯ ಹುಡುಗಿ ಸಾಂಗ್ ಜರ್‌ಗೆ ಸ್ವಂತ ಅಣ್ಣ ಒಬ್ಬ, ಸಾಂಗ್ ಯೆನ್. ಅವನ ಗೆಳೆಯ ದ್ವಾನ್ ಜ್ಯಾಶ್ಯುವನ್ನೂ ಹುಡುಗಿ 'ಗಗ' ಅಂತಾಳೆ, ಅವನೂ ರೇಗಿಸುವಾಗ ತನ್ನನ್ನು ತಾನೇ ಗಗ ಅಂತಾನೆ. 'ಅಣ್ಣ' ಹಾಕಿದೆ. ಎರಡನೇ ಕಂತಿಗೇ ಮನೆಯವರು ರಿಮೋಟ್ ಕೆಳಗಿಟ್ಟರು: 'ಅಣ್ಣ ಅಂದವನ ಮೇಲೇ ಮನಸ್ಸಾ?' 'ಭಾವ' ಹಾಕಿದರೆ ಗುಟ್ಟು ಮೊದಲ ದೃಶ್ಯದಲ್ಲೇ ರಟ್ಟು. ಬರೀ ಹೆಸರು ಹಾಕಿದರೆ ಸಲಿಗೆ ಸತ್ತುಹೋಗುತ್ತೆ. ಕೊನೆಗೆ ಸ್ವಂತದವನಿಗೆ 'ಅಣ್ಣ', ಇವನಿಗೆ 'ಗಗ' ಅಂತಲೇ ಬಿಟ್ಟೆ. ಮೂರು ಕಂತು ಕಳೆದ ಮೇಲೆ ಮನೆಯವರೇ 'ಗಗ ಬಂದ ನೋಡು' ಅನ್ನತೊಡಗಿದರು.

ಇದರ ಜೊತೆ ನಾನು ಸ್ವಲ್ಪ ಬೀಗಬಹುದಾದ ಕೆಲಸ ಒಂದಿದೆ. ಚೀನೀಯಲ್ಲಿ ಅವಳು ಅವನಿಗೆ ಮೊದಲಿಂದ 'ನಿ' (ನೀನು) ಅಂತಲೇ ಮಾತಾಡೋದು. ಕನ್ನಡದಲ್ಲಿ ಶಾಲೆಯ ಹುಡುಗಿ ಅಣ್ಣನ ಗೆಳೆಯನಿಗೆ 'ನೀವು' ಅಂದರೇನೇ ಕಿವಿಗೆ ಸರಿ. ಅವಳು ಕಾಲೇಜು ಸೇರಿ, ಇಬ್ಬರೂ ಬಾಯಿ ಬಿಟ್ಟ ಮೇಲೆ, ಒಂದು ಜಗಳದ ಮಧ್ಯೆ 'ನೀನು'ಗೆ ಬದಲಿಸಿದೆ. ಯಾವ ಸಾಲಲ್ಲಿ ಅನ್ನೋದನ್ನ ಹೇಳಲ್ಲ, ಹುಡುಕಿಕೊಳ್ಳಿ. 'ಶಿಹ್ವಾನ್'ಗೆ ಕೊನೆತನಕ 'ಇಷ್ಟ'. 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಅಂತ ಯಾವ ಹುಡುಗ ಮಾತಾಡ್ತಾನೆ? ಅವನು ಅವಳನ್ನು ಕರೆಯುವ 'ಶ್ಯಾವ್‌ಹಾಯ್'ಗೆ 'ಮಗು' ಸರಿಹೋಗಲ್ಲ, 'ಪುಟ್ಟಿ' ಕೂತಿತು. ಉಳಿದ ತುಂಟ ಪದಗಳ ಪಟ್ಟಿ ನನ್ನ ಹತ್ತಿರವೇ ಇರಲಿ.

ಹೆಸರು ಬರೆಯೋದರಲ್ಲೂ ಎಡವಿದ್ದೆ. ಪಿನ್‌ಯಿನ್ (ಚೀನೀಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕ್ರಮ) ನೋಡಿ 'ಝಿ' ಅಂತ ಬರೆದರೆ ಕಣ್ಣಿಗೂ ಕಿವಿಗೂ ಜಗಳ, ಕೇಳಿಸೋದು 'ಜರ್'. ಕಟ್ಟುನಿಟ್ಟಾಗಿ ನೋಡಿದರೆ ಪಿನ್‌ಯಿನ್‌ನ ಬಿ, ಡಿ, ಜಿ ನಮ್ಮ ಪ, ತ, ಕ. ಪಿ, ಟಿ, ಕೆ ನಮ್ಮ ಫ, ಥ, ಖ. ಈ ಮಹಾಪ್ರಾಣಕ್ಕೆ ಇಂಗ್ಲಿಷ್‌ನಲ್ಲಿ ಇಲ್ಲದ ಬೇರೆ ಅಕ್ಷರ ನಮ್ಮಲ್ಲಿದೆ. ಆದರೆ 'ತ್ವಾನ್' ಅಂತ ಬರೆದರೆ ಗೂಗಲ್ ಮಾಡಿದವರಿಗೆ ಸಿಗಲ್ಲ, 'ದ್ವಾನ್' ಉಳಿಸಿಕೊಂಡೆ.

ಈಗ ಸಮಯದ ಲೆಕ್ಕ. ಒಂದು ಕಂತಿಗೆ ಆರುನೂರರಿಂದ ಏಳುನೂರು ಸಾಲು ಬಂದವು ಅಂತ ನೆನಪು. ಮೊದಲ ಕಂತಿಗೆ ಒಂಬತ್ತು ಗಂಟೆ ಹಿಡಿದದ್ದು ಕೊನೆಗೆ ಮೂರೂವರೆಗೆ ಇಳಿಯಿತು. ಸಾಲು ತಪ್ಪಿ ಓಡಿದರೆ ಎರಡನೇ ನಿಮಿಷದಲ್ಲೊಮ್ಮೆ, ನಲವತ್ತನೇ ನಿಮಿಷದಲ್ಲೊಮ್ಮೆ ನೋಡಿ. ಎರಡೂ ಕಡೆ ಅಷ್ಟೇ ತಪ್ಪಿದ್ದರೆ ಸುಮ್ಮನೆ ಸರಿಸಿದರಾಯ್ತು. ತಪ್ಪು ಬೆಳೆಯುತ್ತಿದ್ದರೆ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು): 25ರ ಫೈಲು 23.976ರ ವಿಡಿಯೋ ಮೇಲೆ ಕೂತರೆ 45 ನಿಮಿಷದ ಕೊನೆಗೆ ಎರಡು ನಿಮಿಷದ ಹತ್ತಿರ ಹೋಗುತ್ತೆ. ಇದು ಗೊತ್ತಿಲ್ಲದೆ ಎರಡು ಕಂತನ್ನು ಸಾಲುಸಾಲಾಗಿ ಕೈಯಲ್ಲೇ ಸರಿಸಿದ್ದೆ, ಎರಡು ಭಾನುವಾರ ಹೋಯಿತು.

ಸಬ್‌ಟೈಟಲ್ ಎಡಿಟ್ ಕೊಡುವ ಓದುವ ವೇಗದ ಎಚ್ಚರಿಕೆಯನ್ನು ನಂಬಬೇಡಿ. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್‌ಗೆ ಆರು. ಹಾಗಾಗಿ ಕನ್ನಡ ಹಾಕಿದ ತಕ್ಷಣ ಪರದೆಯೆಲ್ಲ ಕೆಂಪು. ಮಿತಿಯನ್ನು ಯೂನಿಕೋಡ್ ಲೆಕ್ಕದಲ್ಲಿ ಸೆಕೆಂಡಿಗೆ ಇಪ್ಪತ್ತೆರಡರ ಆಸುಪಾಸಿಗೆ ಇಟ್ಟು, ಕಣ್ಣಳತೆಯಲ್ಲಿ ಸೆಕೆಂಡಿಗೆ ಎಂಟು-ಒಂಬತ್ತು ಅಕ್ಷರ ಇಟ್ಟುಕೊಂಡೆ. ಒಂದೂವರೆ ಸೆಕೆಂಡಿಗಿಂತ ಚಿಕ್ಕ ಸಾಲುಗಳನ್ನು ಪಕ್ಕದ್ದಕ್ಕೆ ಸೇರಿಸಿದೆ.

ತೋರಿಸೋದು ಹೇಗೆ? ಚೀನೀ ಧಾರಾವಾಹಿ ತೋರಿಸುವ ವೀಟಿವಿ (WeTV), ಎಂಜಿಟಿವಿ ಥರದ ಆಪ್‌ಗಳು 2020ರ ನವೆಂಬರ್‌ನಲ್ಲೇ ಇಲ್ಲಿ ನಿಷೇಧವಾದವು. ಅಧಿಕೃತವಾಗಿ ಸಿಗುವ ಸ್ಟ್ರೀಮನ್ನು ಬ್ರೌಸರ್‌ನಲ್ಲಿ ಹಾಕಿ, ಸ್ವಂತ ಎಸ್‌ಆರ್‌ಟಿ ಒಪ್ಪುವ ಎಕ್ಸ್‌ಟೆನ್ಶನ್ ಸೇರಿಸಿ, ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ. ಇನ್ನೂರೈವತ್ತರ ಕೇಬಲ್ ವಾರದಲ್ಲಿ ಮಿಣಮಿಣ ಅಂದಿತು, ಐನೂರರ ಚಿಲ್ಲರೆಯದ್ದು ಇನ್ನೂ ಇದೆ. ಪೆನ್‌ಡ್ರೈವ್‌ನಲ್ಲಿ ಫೈಲು ಹಾಕಿ ಟಿವಿಯ ಒಳಗಿನ ಪ್ಲೇಯರ್‌ನಲ್ಲಿ ಪರೀಕ್ಷಿಸಿದಾಗ ಒತ್ತಕ್ಷರವೆಲ್ಲ ಬಿಡಿಬಿಡಿಯಾಗಿ ಸಾಲಲ್ಲಿ ನಿಂತಿದ್ದವು, ಆ ದಾರಿ ಬೇಡ. ನೋಟೊ ಸಾನ್ಸ್ ಕನ್ನಡ ಫಾಂಟ್, ಫೈಲು ಉಳಿಸುವಾಗ ಯುಟಿಎಫ್-8 ಎನ್‌ಕೋಡಿಂಗ್. ಕೆಳಗೆ ಅಚ್ಚೊತ್ತಿದ ಚೀನೀ ಸಾಲು ಇರುತ್ತೆ, ನಮ್ಮ ಒತ್ತು ಅದರ ತಲೆ ಮೇಲೆ ಕೂರುತ್ತೆ. ಪರದೆಯ ಎತ್ತರದ ನೂರಕ್ಕೆ ಹದಿನಾಲ್ಕರಷ್ಟು ಮೇಲೆತ್ತಿ, ಎರಡು ಸಾಲಿನ ನಡುವೆ ಜಾಗ ಬಿಡಿ.

ನಡುವೆ ಒಂದು ಹುಚ್ಚು: ಸಾಂಗ್ ಯೆನ್ ತಂಗಿಯನ್ನು ರೇಗಿಸುವ ಮಾತಿಗೆಲ್ಲ ಧಾರವಾಡ ಕನ್ನಡ ಕೊಟ್ಟೆ. 'ಏನ ಹಚ್ಚೀ ನೀ?' ಅಂದಾಗ ಮನೆಯೆಲ್ಲ ನಗು. ಮೂರನೇ ಕಂತಿಗೆ ಪ್ರಶ್ನೆ ಬಂತು: 'ಇವನು ದತ್ತು ಮಗನಾ?' ತಂಗಿ ಮೈಸೂರು, ಅಣ್ಣ ಧಾರವಾಡ ಆದರೆ ಇನ್ನೇನು ಕೇಳ್ತಾರೆ. ತೆಗೆದೆ, ಮನಸ್ಸಿಲ್ಲದೆ. ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ಗಾವ್‌ಖಾವ್‌ಗೆ 'ಸೆಕೆಂಡ್ ಪಿಯು' ಹಾಕಿದ್ದೂ ನಿಲ್ಲಲಿಲ್ಲ, ಜೂನ್‌ನಲ್ಲಿ ಯಾಕೆ ಪರೀಕ್ಷೆ ಅಂದರು. ಮೊದಲ ಸಲ 'ಪಿಯು, ಸಿಇಟಿ ಎರಡೂ ಒಂದೇ ಏಟಿಗೆ' ಅಂತ ಸೇರಿಸಿ, ಆಮೇಲೆ ಗಾವ್‌ಖಾವ್ ಅಂತಲೇ ಬಿಟ್ಟೆ.

ಇನ್ನೂ ಸರಿಹೋಗದ್ದು ವಿಚಾಟ್ (ಚೀನೀಯರ ವಾಟ್ಸಾಪ್ ಥರದ್ದು) ಪರದೆಗಳು. ಪಾತ್ರ ಮಾತಾಡುತ್ತಿರುವಾಗಲೇ ಫೋನಿನ ಸಂದೇಶ ಎರಡು ಸೆಕೆಂಡ್ ಮಿಂಚಿ ಹೋಗುತ್ತೆ, ಕಥೆ ಇರೋದೇ ಅದರಲ್ಲಿ. ಎಎನ್8 ಟ್ಯಾಗ್ ಹಾಕಿ ಮೇಲಕ್ಕೆ ಕಳಿಸಿದರೆ ವಿಎಲ್‌ಸಿಯಲ್ಲಿ ಸರಿ ಬರುತ್ತೆ, ನನ್ನ ಎಕ್ಸ್‌ಟೆನ್ಶನ್ ಮಾತ್ರ ಟ್ಯಾಗನ್ನೇ ಅಕ್ಷರವಾಗಿ ತೋರಿಸುತ್ತೆ. ಸದ್ಯಕ್ಕೆ ಸಂದೇಶವನ್ನು ಚೌಕ ಕಂಸದಲ್ಲಿ ಮೊದಲ ಸಾಲಿಗೆ, ಮಾತನ್ನು ಎರಡನೇ ಸಾಲಿಗೆ ಇಟ್ಟು, ಸ್ಪೇಸ್‌ಬಾರ್ ಒತ್ತಿ ನಿಲ್ಲಿಸುತ್ತಿದ್ದೇನೆ.