ಹಾರಾಟದ ನಡುವೆ ಕಾರ್ಬುರೇಟರಿನಲ್ಲಿ ಮಂಜುಗಡ್ಡೆ: ನನ್ನ ಅನುಭವ

ಮಳೆಗಾಲದ ಮುಂಜಾನೆ ಬೆಂಗಳೂರಿನ ಜಕ್ಕೂರು ವಿಮಾನನೆಲೆಯಿಂದ ಹೊರಟ ಸೆಸ್ನಾ 152 ವಿಮಾನವು ಮೋಡದ ಕೆಳಗೆ ಸಮಮಟ್ಟದಲ್ಲಿ ಹಾರುತ್ತಿದ್ದಾಗ, ಎಂಜಿನ್ನಿನ ಶಕ್ತಿಯನ್ನು ಏರಿಳಿಸುವ ಥ್ರಾಟಲ್ ಮುಟ್ಟದಿದ್ದರೂ ಅದರ ಆರ್‌ಪಿಎಂ (ನಿಮಿಷಕ್ಕೆ ಸುತ್ತುವ ಸುತ್ತುಗಳು) ನಿಧಾನವಾಗಿ ಇಳಿಯತೊಡಗಿತು. ಹೊರಗೆ 18 ಡಿಗ್ರಿ ಇರುವಾಗ ಮಂಜುಗಡ್ಡೆಯ ಸಂಶಯ ಸುಲಭವಾಗಿ ಬರುವುದಿಲ್ಲ. ಆದರೆ ಇಂಧನವು ಆವಿಯಾಗುವಾಗ ಮತ್ತು ಗಾಳಿಯು ಇಕ್ಕಟ್ಟಾದ ಕೊಳವೆಯಲ್ಲಿ ನುಗ್ಗುವಾಗ ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬುರೇಟರಿನೊಳಗಿನ ಉಷ್ಣಾಂಶ 30 ಡಿಗ್ರಿಗೂ ಹೆಚ್ಚು ಕುಸಿಯಬಲ್ಲುದರಿಂದ, ತೇವ ತುಂಬಿದ ಗಾಳಿಯಲ್ಲಿ ಇದು ಸಹಜವೇ. ಇಳಿಯಬಹುದಾದ ಬಯಲೊಂದನ್ನು ಗುರುತಿಸಿಕೊಂಡು, ಕಾರ್ಬುರೇಟರಿಗೆ ಬಿಸಿ ಗಾಳಿ ಹಾಯಿಸುವ ‘ಕಾರ್ಬುರೇಟರ್ ಹೀಟ್’ ಗುಂಡಿಯನ್ನು ಪೂರ್ತಿ ಹೊರಗೆಳೆದೆನು. ಕರಗಿದ ನೀರು ಒಳಹೊಕ್ಕಂತೆ ಆರ್‌ಪಿಎಂ ಇನ್ನಷ್ಟು ಕುಸಿದು, ಎಂಜಿನ್ ಕೆಮ್ಮು ಹತ್ತಿದವರಂತೆ ನಡುಗಿತು. ಗುಂಡಿಯನ್ನು ಮತ್ತೆ ಒಳಗೆ ತಳ್ಳುವ ಆಸೆ ಹುಟ್ಟುವುದು ಈ ಗಳಿಗೆಯಲ್ಲೇ. ತಳ್ಳಿದರೆ ಕೆಲಸ ಕೆಟ್ಟಿತು. ಹಾಗೆಯೇ ಬಿಟ್ಟಾಗ ಸ್ವಲ್ಪ ಹೊತ್ತಿನಲ್ಲಿ ನಡುಕ ನಿಂತು ಆರ್‌ಪಿಎಂ ಮುಳ್ಳು ಏರತೊಡಗಿತು. ಅಂದು ಇಳಿಯುವಾಗ, ಮತ್ತೆ ಮಂಜುಗಡ್ಡೆ ಕಟ್ಟದಿರಲೆಂದು, ಥ್ರಾಟಲ್ ತಗ್ಗಿಸುವ ಮೊದಲೇ ಹೀಟ್ ಹಾಕಿಕೊಂಡೆನು.