ಹನ್ನೆರಡು ಸಿಕ್ ಲೀವ್: ಯಾವುದನ್ನು ಮೊದಲು ಖರ್ಚು ಮಾಡುವುದು, ಎಷ್ಟು ಉಳಿಸಿಕೊಳ್ಳುವುದು

ಡಿಸೆಂಬರ್ ಎರಡನೇ ವಾರ ಬಂತೆಂದರೆ ಲೀವ್ ರಿಜಿಸ್ಟರಿನಲ್ಲಿ ಎರಡು ಬಗೆಯವರು ಎದ್ದು ಕಾಣುತ್ತಾರೆ. ಒಬ್ಬರ ಖಾತೆಯಲ್ಲಿ 11 ಸಿಕ್ ಲೀವ್ ಮುಟ್ಟದೆ ಕೂತಿರುತ್ತದೆ, ಜುಲೈ ತಿಂಗಳ ಜ್ವರಕ್ಕೆ ಮಾತ್ರ 4 ಇಎಲ್ (ಅರ್ನ್ಡ್ ಲೀವ್, ಗಳಿಕೆ ರಜೆ) ಕಳೆದಿರುತ್ತದೆ. ಇನ್ನೊಬ್ಬರು ‘ಹೇಗೂ ಲ್ಯಾಪ್ಸ್ ಆಗುತ್ತಲ್ಲ’ ಎಂದು ಕ್ರಿಸ್‌ಮಸ್ ವಾರಕ್ಕೆ ಒಟ್ಟಿಗೆ 8 ದಿನ ಅರ್ಜಿ ಹಾಕಿರುತ್ತಾರೆ. ಇಬ್ಬರ ಲೆಕ್ಕವೂ ತಪ್ಪು. ಬೆಂಗಳೂರಿನ ಆಫೀಸುಗಳ ರಜೆ ಮತ್ತು ಸಂಬಳದ ಲೆಕ್ಕ ನೋಡುವ ಕೆಲಸದಲ್ಲಿ ನಾನು ಪಾಲಿಸುವ, ಕೇಳಿದವರಿಗೆ ಹೇಳುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಈ ರಜೆ ಎಲ್ಲಿಂದ ಬಂತು ಎನ್ನುವುದು ಗೊತ್ತಿರಬೇಕು. ಅಂಗಡಿ, ಹೋಟೆಲ್, ಖಾಸಗಿ ಆಫೀಸು, ಐಟಿ ಕಂಪನಿಗಳಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ 15ನೇ ಸೆಕ್ಷನ್ ಪ್ರಕಾರ 20 ದಿನದ ಕೆಲಸಕ್ಕೆ 1 ದಿನದಂತೆ ಗಳಿಕೆ ರಜೆ ಸಿಗುತ್ತದೆ. ಅದರ ಹೊರತಾಗಿ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ: ಕಾಯಿಲೆಗೆ, ಅಪಘಾತಕ್ಕೆ, ‘ಅಥವಾ ಬೇರೆ ಸಮಂಜಸ ಕಾರಣಕ್ಕೆ’. ಈ ಕೊನೆಯ ಮಾತನ್ನು ಹೆಚ್ಚಿನವರು ಓದಿರುವುದೇ ಇಲ್ಲ. ಕಂಪನಿಗಳು ಇದೇ ಹನ್ನೆರಡನ್ನು 6 ಸಿಎಲ್ (ಕ್ಯಾಶುಯಲ್ ಲೀವ್), 6 ಎಸ್‌ಎಲ್ (ಸಿಕ್ ಲೀವ್) ಎಂದು ಒಡೆದು ಕೊಡುವುದಕ್ಕೆ ಆಧಾರವೂ ಅದೇ. ಇನ್ನೊಂದು ಸಂಗತಿ: ಈ ರಜೆ ಕೆಲಸದ ಮೊದಲ ಹನ್ನೆರಡು ತಿಂಗಳಿಗೂ ಅನ್ವಯ. ‘ಪ್ರೊಬೇಷನ್‌ನಲ್ಲಿದ್ದೀರಿ, ಸಿಕ್ ಲೀವ್ ಇಲ್ಲ’ ಎಂದರೆ ಆ ಪಾಲಿಸಿಯನ್ನು ಬರವಣಿಗೆಯಲ್ಲಿ ಕೇಳಿ.

ಕಾರ್ಖಾನೆಯ ಕಥೆ ಬೇರೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಗಳಿಕೆ ರಜೆ ಇತ್ತೇ ಹೊರತು ಸಿಕ್ ಲೀವ್ ಎಂಬ ಪ್ರತ್ಯೇಕ ರಜೆ ಇರಲಿಲ್ಲ. ಪೀಣ್ಯದಲ್ಲೋ ಬಿಡದಿಯಲ್ಲೋ ಶಿಫ್ಟ್ ಮಾಡುವವರಿಗೆ ಕಾಯಿಲೆಯ ಆಸರೆ ಎಂದರೆ ಯೂನಿಯನ್ ಒಪ್ಪಂದ ಮತ್ತು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಅದನ್ನು ಮುಂದೆ ಹೇಳುತ್ತೇನೆ.

ಈಗ ದುಡ್ಡಿನ ಲೆಕ್ಕ. ತಿಂಗಳ ಗ್ರಾಸ್ (ಒಟ್ಟು ಸಂಬಳ) 45,000, ಅದರಲ್ಲಿ ಬೇಸಿಕ್ (ಮೂಲ ವೇತನ) 22,500 ಎಂದುಕೊಳ್ಳಿ. ಮೂರು ದಿನ ಜ್ವರ. ರಜೆ ಹಾಕದೆ ಲಾಸ್ ಆಫ್ ಪೇ ಆದರೆ 30ರಿಂದ ಭಾಗಿಸಿ ದಿನಕ್ಕೆ 1,500ರಂತೆ 4,500 ರೂಪಾಯಿ ಹೋಗುತ್ತದೆ. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ ನಿಮ್ಮ ಪಾಲಿನಲ್ಲೂ ಕಂಪನಿ ಪಾಲಿನಲ್ಲೂ ತಲಾ 270 ರೂಪಾಯಿ ಕಡಿಮೆ ಜಮೆಯಾಗುತ್ತದೆ. ಇಎಲ್ ಹಾಕಿದರೆ ಈ ತಿಂಗಳ ಸಂಬಳಕ್ಕೆ ಏನೂ ಆಗದು. ಆದರೆ ಉಳಿದ ಇಎಲ್‌ಗೆ ಬೇಸಿಕ್ ಲೆಕ್ಕದಲ್ಲಿ ನಗದು ಕೊಡುವ ಕಡೆ ದಿನಕ್ಕೆ 750ರಂತೆ 2,250 ರೂಪಾಯಿ ಮುಂದೊಂದು ದಿನ ಕೈತಪ್ಪುತ್ತದೆ. ಎಸ್‌ಎಲ್ ಹಾಕಿದರೆ ನಷ್ಟ ಸೊನ್ನೆ, ಯಾಕೆಂದರೆ ಹೆಚ್ಚಿನ ಕಡೆ ಅದನ್ನು ಮುಂದಿನ ವರ್ಷಕ್ಕೆ ಒಯ್ಯಲೂ ಆಗದು, ನಗದು ಮಾಡಿಕೊಳ್ಳಲೂ ಆಗದು. ಆದ್ದರಿಂದ ಕಾಯಿಲೆ ಬಿದ್ದರೆ ಮೊದಲು ಎಸ್‌ಎಲ್, ಅದು ಮುಗಿದರೆ ಸಿಎಲ್, ಕೊನೆಗೆ ಇಎಲ್. ರಜೆ ಹಾಕುವ ಪೋರ್ಟಲಿನಲ್ಲಿ ಡ್ರಾಪ್‌ಡೌನಿನ ಮೊದಲ ಆಯ್ಕೆಯಾಗಿ ಇಎಲ್ ಕೂತಿರುವುದರಿಂದ ಅದನ್ನೇ ಒತ್ತಿ ಹಾಳು ಮಾಡಿಕೊಳ್ಳುವವರು ಬಹಳ. ತಿಂಗಳು ದಾಟುವ ಮೊದಲು ಎಚ್‌ಆರ್‌ಗೆ ಒಂದು ಮೇಲ್ ಹಾಕಿದರೆ ಸಾಮಾನ್ಯವಾಗಿ ತಿದ್ದಿಕೊಡುತ್ತಾರೆ.

ಹಾಗೆಂದು ಸಿಕ್ಕ ಸಿಕ್ಕ ಸೋಮವಾರ ಖರ್ಚು ಮಾಡಿ ಮುಗಿಸುವುದೂ ಅಲ್ಲ. ಕ್ಯಾಲೆಂಡರ್ ವರ್ಷದ ಲೆಕ್ಕ ಇರುವ ಕಡೆ ಮುಂಗಾರು ಶುರುವಾಗುವ ಹೊತ್ತಿಗೆ ಕೈಯಲ್ಲಿ ಕನಿಷ್ಠ 7 ಇರಲಿ ಎನ್ನುವುದು ನನ್ನ ಅಳತೆ. ಏಳೇ ಯಾಕೆಂದರೆ ಡೆಂಗಿ. ಜ್ವರ ಇಳಿಯುವ ದಿನಗಳಲ್ಲೇ ಪ್ಲೇಟ್‌ಲೆಟ್ ಕುಸಿಯುವುದು, ಹೊಟ್ಟೆನೋವು, ವಾಂತಿ, ರಕ್ತಸ್ರಾವದ ಅಪಾಯ ಹೆಚ್ಚುವುದು. ‘ಜ್ವರ ಬಿಟ್ಟಿತು’ ಎಂದು ನಾಲ್ಕನೇ ದಿನ ಮೆಟ್ರೋ ಹತ್ತುವವರು ತಪ್ಪು ಮಾಡುವುದು ಇಲ್ಲೇ. ಟೈಫಾಯ್ಡ್ ಆದರೆ ಏಳೂ ಸಾಲದು, ಉಳಿದದ್ದಕ್ಕೆ ಇಎಲ್ ಬೇಕಾಗುತ್ತದೆ.

ಸಣ್ಣ ಕಾಯಿಲೆಗೆ ಹಾಕಬೇಕೇ ಎಂದು ಕೇಳುವವರಿದ್ದಾರೆ. ಅಂಟುವಂಥದ್ದಾದರೆ ಖಂಡಿತ ಹಾಕಬೇಕು. ಮದ್ರಾಸ್ ಐ, ಫ್ಲೂ, ವಾಂತಿಭೇದಿ, ಇವುಗಳನ್ನು ಹೊತ್ತು ಎಸಿ ಆಫೀಸಿಗೆ ಬಂದರೆ ಒಬ್ಬರ 2 ದಿನದ ರಜೆಯ ಜಾಗದಲ್ಲಿ ಇಡೀ ಸಾಲಿನ ಮೇಜುಗಳು ಖಾಲಿಯಾಗುತ್ತವೆ. ಚಿಕನ್ ಪಾಕ್ಸ್ ಆದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೂ ಬರಕೂಡದು. ತಲೆನೋವು, ಸೊಂಟನೋವಿಗೆ ಅರ್ಧ ದಿನ ಸಾಕಾದರೆ ಅರ್ಧವೇ ಹಾಕಿ. ಹೆಚ್ಚಿನ ಪೋರ್ಟಲುಗಳಲ್ಲಿ 0.5 ನಡೆಯುತ್ತದೆ.

ಒಂದು ಕೆಟ್ಟ ಅಭ್ಯಾಸ ಈಗ ಎಲ್ಲೆಡೆ ಕಾಣುತ್ತಿದೆ: ಎಸ್‌ಎಲ್ ಹಾಕಿ ಮನೆಯಿಂದ ಲಾಗಿನ್ ಆಗುವುದು. ರಜೆಯೂ ಹೋಯಿತು, ಕೆಲಸವೂ ಮಾಡಿದಿರಿ. ಎರಡು ಮೀಟಿಂಗ್ ಕೂತಿದ್ದರೆ ಆ ದಿನವನ್ನು ವರ್ಕ್ ಫ್ರಮ್ ಹೋಮ್ ಎಂದು ಬದಲಿಸಲು ಅದೇ ವಾರ ಕೇಳಿ. ಕೂರುವ ಶಕ್ತಿ ಇಲ್ಲದಿದ್ದರೆ ಲ್ಯಾಪ್‌ಟಾಪ್ ತೆರೆಯಲೇ ಬೇಡಿ. ಬೆಳಗಿನ ಸಂದೇಶ ಸರಿಯಾಗಿದ್ದರೆ ಯಾರೂ ಫೋನ್ ಮಾಡುವುದಿಲ್ಲ: ‘ಸರ್, ರಾತ್ರಿಯಿಂದ ಜ್ವರ. ಇವತ್ತು, ನಾಳೆ ಎಸ್‌ಎಲ್. 3 ಗಂಟೆಯ ಕಾಲ್‌ನ ಫೈಲ್ ಶೇರ್ಡ್ ಫೋಲ್ಡರಿನಲ್ಲಿದೆ, ಟೀಮಿಗೆ ಹೇಳಿದ್ದೇನೆ. ನಾಳೆ ಸಂಜೆ ಮತ್ತೆ ತಿಳಿಸುತ್ತೇನೆ.’ ಇಷ್ಟೇ. ಥರ್ಮಾಮೀಟರಿನ ಫೋಟೋ ಯಾರಿಗೂ ಬೇಕಿಲ್ಲ.

ಸರ್ಟಿಫಿಕೇಟ್ ವಿಷಯದಲ್ಲಿ ಹೆಚ್ಚು ಅರ್ಜಿಗಳು ಕೆಡುತ್ತವೆ. ಸಾಮಾನ್ಯವಾಗಿ 2 ದಿನ ಮೀರಿದರೆ ಕೇಳುತ್ತಾರೆ. ನಾನು ನೋಡುವುದು ನಾಲ್ಕು: ವೈದ್ಯರು ನಿಮ್ಮನ್ನು ನೋಡಿದ ದಿನಾಂಕ, ಎಂದಿನಿಂದ ಎಂದಿನವರೆಗೆ ವಿಶ್ರಾಂತಿ, ನೋಂದಣಿ ಸಂಖ್ಯೆ, ಸಹಿ. ಮೂರನೇ ದಿನ ಕ್ಲಿನಿಕ್‌ಗೆ ಹೋಗಿ ಹಿಂದಿನ ದಿನಾಂಕ ಹಾಕಿಕೊಡಿ ಎನ್ನಬೇಡಿ. ‘ಮೂರು ದಿನದಿಂದ ಜ್ವರ ಎಂದು ಹೇಳಿದ್ದಾರೆ, ಇಂದು ಪರೀಕ್ಷಿಸಿದೆ’ ಎಂದು ಬರೆದರೆ ಸಾಕು, ಅದು ಸತ್ಯವೂ ಹೌದು. ವೀಡಿಯೊ ಕಾಲ್‌ನಲ್ಲಿ ನೋಡಿದ ವೈದ್ಯರ ಚೀಟಿಯಲ್ಲೂ ನೋಂದಣಿ ಸಂಖ್ಯೆ ಇರಬೇಕೆಂದು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಹೇಳುತ್ತದೆ. ರಕ್ತಪರೀಕ್ಷೆಯ ರಿಪೋರ್ಟು, ಸ್ಕ್ಯಾನ್ ಇವನ್ನು ಪೋರ್ಟಲಿಗೆ ಏರಿಸಬೇಡಿ. ಅಲ್ಲಿ ಏರಿದ್ದನ್ನು ಯಾರು ಯಾರು ತೆರೆಯಬಹುದು ಎಂಬುದು ನಿಮ್ಮ ಕೈಯಲ್ಲಿಲ್ಲ. ಇನ್ನು ದುಡ್ಡು ಕೊಟ್ಟು ತಂದ ಸುಳ್ಳು ಸರ್ಟಿಫಿಕೇಟು: ಒಂದು ಫೋನಿನಲ್ಲಿ ಬಯಲಾಗುತ್ತದೆ, ಎರಡು ದಿನದ ರಜೆಗೆ ಹೋಗಿ ಕೆಲಸವೇ ಹೋಗಬಹುದು.

ಕಟ್‌ಆಫ್ ಮರೆಯಬೇಡಿ. ಪೇರೋಲ್ (ತಿಂಗಳ ಸಂಬಳದ ಲೆಕ್ಕ) 25ಕ್ಕೆ ಮುಚ್ಚುವ ಕಡೆ 23ರ ರಜೆಗೆ ಮ್ಯಾನೇಜರ್ ಅಪ್ರೂವ್ ಒತ್ತದಿದ್ದರೆ ಸಿಸ್ಟಮ್ ಅದನ್ನು ಗೈರುಹಾಜರಿ ಎಂದೇ ಓದುತ್ತದೆ. ಹಣ ಮುಂದಿನ ತಿಂಗಳು ಅರಿಯರ್ (ಬಾಕಿ) ಆಗಿ ಬರುತ್ತದೆ, ನೀವು ಕೇಳಿದರೆ. ಶುಕ್ರವಾರ ಮತ್ತು ಸೋಮವಾರ ಎರಡೂ ರಜೆಯಾದರೆ ಸ್ಯಾಂಡ್‌ವಿಚ್ ರೂಲ್ ಇರುವ ಕಂಪನಿ ನಡುವಿನ ಎರಡು ದಿನವನ್ನೂ ಸೇರಿಸಿ 4 ಕಳೆಯುತ್ತದೆ. ಕೆಲವರ ಪಾಲಿಸಿಯಲ್ಲಿ ಅದು ಇಎಲ್‌ಗೆ ಮಾತ್ರ, ಎಸ್‌ಎಲ್‌ಗೆ ಇಲ್ಲ. ಆ ಸಾಲನ್ನು ಹುಡುಕಿ ಓದಿಟ್ಟುಕೊಳ್ಳಿ.

ಸಂಬಳ 21,000ದೊಳಗಿದ್ದು ಇಎಸ್‌ಐ ಕಟ್ಟುತ್ತಿದ್ದರೆ ಲೆಕ್ಕ ಬದಲಾಗುತ್ತದೆ. ನಿಮ್ಮಿಂದ 0.75%, ಮಾಲೀಕರಿಂದ 3.25% ಹೋಗುತ್ತಿರುವುದು ಬರೀ ಔಷಧಿಗಲ್ಲ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ ಕಾಯಿಲೆಯ ದಿನಗಳಿಗೆ ಸರಾಸರಿ ದಿನಗೂಲಿಯ 70%, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕ್ಷಯದಂಥ ಪಟ್ಟಿಯಲ್ಲಿರುವ ದೀರ್ಘ ಕಾಯಿಲೆಗಳಿಗೆ ಇದು 80%ಕ್ಕೆ ಏರಿ ಅವಧಿಯೂ ಉದ್ದವಾಗುತ್ತದೆ. ಎಡವುವುದು ಎರಡು ಕಡೆ. ಒಂದು, ಕಾಯಿಲೆಯ ಮೊದಲ 2 ದಿನಕ್ಕೆ ಸಾಮಾನ್ಯವಾಗಿ ಹಣ ಬಾರದು. ಎಸ್‌ಎಲ್ ಇದ್ದರೆ ಅಲ್ಲಿ ಹಾಕಿ. ಇನ್ನೊಂದು, ಸಂಬಳ ಸಹಿತ ರಜೆಯ ದಿನಕ್ಕೆ ಇಎಸ್‌ಐ ಹಣ ಇಲ್ಲ. ಒಂದೇ ದಿನಕ್ಕೆ ಎರಡೂ ಕಡೆ ಪಡೆದರೆ ವಾಪಸ್ ಕಟ್ಟಬೇಕು. ಹಾಗಾಗಿ ನಾಲ್ಕೈದು ದಿನದ ಕಾಯಿಲೆಗೆ ಪೂರ್ತಿ ಎಸ್‌ಎಲ್ ಲಾಭ, ಮೂರು ವಾರದ ಕಾಮಾಲೆಗೆ ಇಎಸ್‌ಐ ಬೇಕೇ ಬೇಕು. ಯಾವುದೆಂದು ಮೊದಲ ದಿನ ತಿಳಿಯದು, ಆದ್ದರಿಂದ ಮೊದಲ ದಿನವೇ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ತೋರಿಸಿ ಸರ್ಟಿಫಿಕೇಟ್ ಪಡೆಯಿರಿ. ಖಾಸಗಿ ಕ್ಲಿನಿಕ್ಕಿನ ಚೀಟಿ ಹಿಡಿದು ಹತ್ತನೇ ದಿನ ಹೋದರೆ ಅಲೆದಾಟ.

ಹೆಣ್ಣುಮಕ್ಕಳಿಗೆ ತಿಂಗಳಿಗೆ 1ರಂತೆ ವರ್ಷಕ್ಕೆ 12 ದಿನ ಮುಟ್ಟಿನ ರಜೆ ಎಂದು ರಾಜ್ಯ ಸರ್ಕಾರ 2025ರಲ್ಲಿ ಆದೇಶಿಸಿತು. ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿದೆ. ನಿಮ್ಮ ಕಂಪನಿ ಜಾರಿ ಮಾಡಿದ್ದರೆ ಅದು ಪೋರ್ಟಲಿನಲ್ಲಿ ಪ್ರತ್ಯೇಕ ಖಾತೆಯಾಗಿರಬೇಕು, ಎಸ್‌ಎಲ್‌ನಿಂದ ಕಳೆಯುತ್ತಿದೆಯೇ ನೋಡಿ.

ಇನ್ನು ವರ್ಷದ ಕೊನೆಯಲ್ಲಿ ಉಳಿದದ್ದು. ಇದಕ್ಕೆ ಸುಳ್ಳು ಜ್ವರ ಬೇಕಿಲ್ಲ, ಮುಂದೂಡಿದ ಚಿಕಿತ್ಸೆಗಳೇ ಬೇಕಾದಷ್ಟಿರುತ್ತವೆ. ಅಕ್ಟೋಬರಿನಲ್ಲೇ ಪಟ್ಟಿ ಮಾಡಿ: ರೂಟ್ ಕೆನಾಲ್‌ಗೆ ಎರಡು ಮೂರು ಅರ್ಧ ದಿನ, ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಅರ್ಧ, ಪಾಪೆ ಹಿಗ್ಗಿಸುವ ಕಣ್ಣಿನ ತಪಾಸಣೆಗೆ ಅರ್ಧ (ಆ ಹನಿ ಹಾಕಿಸಿಕೊಂಡು ಸ್ಕ್ರೀನ್ ನೋಡಲಾಗದು, ಗಾಡಿಯಂತೂ ಓಡಿಸಬಾರದು), ಮಂಡಿಯ ಫಿಸಿಯೋಥೆರಪಿ, ತಳ್ಳುತ್ತಾ ಬಂದ ಹರ್ನಿಯಾ ಆಪರೇಷನ್. ದಿನಾಂಕ ಮೊದಲೇ ಹೇಳಿ ಹಾಕಿದ ಇಂಥ ರಜೆಯನ್ನು ಮ್ಯಾನೇಜರುಗಳು ತಿರಸ್ಕರಿಸುವುದು ಅಪರೂಪ. ಎರಡು ದಿನ ಡಿಸೆಂಬರ್ 31ರವರೆಗೂ ಉಳಿಸಿ, ಲ್ಯಾಪ್ಸ್ ಆದರೆ ಆಗಲಿ.

ಕೆಲಸ ಬಿಡುವ ಯೋಚನೆ ಇದ್ದರೆ ಈ ಪಟ್ಟಿಯನ್ನು ರಾಜೀನಾಮೆಗೆ ಮೊದಲೇ ಮುಗಿಸಿ. ನೋಟಿಸ್ ಪೀರಿಯಡ್‌ನಲ್ಲಿ ಹಾಕಿದ ಎಸ್‌ಎಲ್‌ನಷ್ಟು ದಿನ ಕೊನೆಯ ದಿನಾಂಕವನ್ನು ಮುಂದಕ್ಕೆ ತಳ್ಳುವ ಕಂಪನಿಗಳಿವೆ. ಕೆಲಸ ಬಿಟ್ಟಾಗಿನ ಕೊನೆಯ ಲೆಕ್ಕದಲ್ಲಿ (ಫುಲ್ ಆ್ಯಂಡ್ ಫೈನಲ್) ಇಎಲ್‌ಗೆ ಹಣ ಬರುತ್ತದೆ, ಎಸ್‌ಎಲ್ ಸಾಲಿನ ಮುಂದೆ ಸಾಮಾನ್ಯವಾಗಿ ಸೊನ್ನೆ ಇರುತ್ತದೆ.